ಎಡಕವಲಿನ ಐದು ಕಲ್ಲು

ಕಲ್ಲಣ್ಣ ಆ ಕಲ್ಲಿನ ಗುಡ್ಡೆಯನ್ನು ಒದೆಯಲು ಬೂಟುಗಾಲು ಎತ್ತಿದ್ದನಷ್ಟೆ, ಹಿಂದಿನಿಂದ ದನಿ ಬಂತು.

“ಮುಟ್ಟಬೇಡಿ. ಅದು ನನ್ನ ಮಗಳದು.”

ಎತ್ತಿದ ಕಾಲನ್ನು ಅವನು ಮೆಲ್ಲಗೆ ಇಳಿಸಿದ. ಹನ್ನೊಂದರ ಬಸ್ಸಿಗೆ ಹೋಗಿರುತ್ತಾಳೆ ಎಂದುಕೊಂಡಿದ್ದ ಹೆಂಗಸು ಬಂಡೆಯ ಮರೆಯಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದಳು. ಐವತ್ತು ದಾಟಿದ ವಯಸ್ಸು. ಪಕ್ಕದಲ್ಲಿ ಕೆಳಗಿನ ಅಂಗಡಿಯಿಂದ ಬಾಡಿಗೆಗೆ ತಂದ ಊರುಗೋಲು. ಆಕೆ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷದ ಹಿಂದೆ ಈ ಕವಲಿನ ಕೆಳಗಿನ ಕಮರಿಯಲ್ಲಿ ಆಕೆಯ ಮಗಳು ಸಿಕ್ಕಾಗ ಸ್ಟ್ರೆಚರಿನ ಒಂದು ತುದಿ ಹಿಡಿದವನು ಅವನೇ.

ಬೆಟ್ಟದ ದಾರಿ ಕಾಯುವುದು ಅವನ ಕೆಲಸ. ಕಾಯುವುದೆಂದರೆ ಹೆಚ್ಚಾಗಿ ಕಲ್ಲು ಒದೆಯುವುದು. ಊರವರು ಅವನ ಹೆಸರು ಮರೆತು ಕಲ್ಲಣ್ಣ ಎಂದು ಕರೆಯುವುದೂ ಅದಕ್ಕೇ. ದಾರಿ ತಿರುಗುವಲ್ಲೆಲ್ಲ ಹಿಂದಿನವರು ಕಲ್ಲಿನ ಮೇಲೆ ಕಲ್ಲಿಟ್ಟು ಗುರುತು ಮಾಡಿದ್ದಾರೆ. ಮಂಜು ಎಷ್ಟೇ ಕವಿಯಲಿ, ಒಂದು ಗುಡ್ಡೆಯಿಂದ ಮುಂದಿನ ಗುಡ್ಡೆಗೆ ನಡೆದರೆ ಎಂಥವನೂ ಊರು ಸೇರುತ್ತಾನೆ. ಆದರೆ ರಜೆಗೆ ಬೆಟ್ಟ ಹತ್ತಲು ಬರುವವರಿಗೆ ಕಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಸಿಕ್ಕ ಸಿಕ್ಕಲ್ಲಿ ಪೇರಿಸುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹೊರಟುಹೋಗುತ್ತಾರೆ. ಅವರಿಗೇನು, ಚೆಲ್ಲಾಟ. ಶನಿವಾರದ ಜಾತ್ರೆಯಂಥ ಗದ್ದಲ ಮುಗಿದ ಮೇಲೆ, ಭಾನುವಾರ ಮೊದಲ ಗುಂಪು ಹತ್ತುವುದಕ್ಕೆ ಮುಂಚೆ, ಅಂಥವನ್ನೆಲ್ಲ ಕೆಡವಿ ಬರಬೇಕೆನ್ನುವುದು ಊರಿನ ಕಟ್ಟುಪಾಡು.

“ಪ್ರತಿ ವರ್ಷ ಕಟ್ಟಿ ಹೋಗ್ತೀನಿ,” ಎಂದಳು ಆಕೆ. “ಮುಂದಿನ ವರ್ಷ ಬಂದ್ರೆ ಒಂದು ಕಲ್ಲೂ ಇರಲ್ಲ. ಗಾಳಿಗೆ ಬಿದ್ದಿರಬೇಕು ಅಂದ್ಕೊಳ್ತಿದ್ದೆ. ಆ ಗಾಳಿ ನೀವೇನಾ?”

“ಹೌದಮ್ಮ.”

“ಏನು ಅಡ್ಡ ಬಂತು ನಿಮಗೆ? ಗೋರಿ ಕಟ್ಟಿಲ್ಲ, ಹೆಸರು ಕೆತ್ತಿಸಿಲ್ಲ. ಇರೋದು ಐದು ಕಲ್ಲು.”

“ಊರಿಗೆ ಇಳಿಯೋದು ಬಲಗಡೆ, ಅಮ್ಮ. ಇದು ಎಡಗಡೆ ಇದೆ. ಮಂಜಲ್ಲಿ ಬಂದೋರು ಇದನ್ನ ನೋಡಿ ಈ ಕಡೆ ತಿರುಗಿಬಿಡ್ತಾರೆ.”

“ಆ ಕಮರಿ ಕಾಣೋದು ಇಲ್ಲಿಂದಲೇ. ಇನ್ನೆಲ್ಲಿ ಕಟ್ಟಲಿ?” ಆಕೆಯ ದನಿ ಏರಲಿಲ್ಲ, ಬಿಗಿಯಾಯಿತು. “ತಪ್ಪೋರು ಹೇಗಿದ್ರೂ ತಪ್ತಾರೆ ಬಿಡಿ. ನನ್ನ ಮಗಳು ಯಾವ ಗುಡ್ಡೆ ನೋಡಿ ತಪ್ಪಿದ್ಲು? ಅವಳದು ಹಠ. ಎಲ್ಲರೂ ಹೋಗೋ ದಾರೀಲಿ ಹೋದೋಳೇ ಅಲ್ಲ. ಪೊಲೀಸರೂ ಅದನ್ನೇ ಬರ್ಕೊಂಡ್ರಲ್ಲ, ದಾರಿ ಬಿಟ್ಟು ಹೋಗಿದ್ದಾಳೆ ಅಂತ.”

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೂರು ವರ್ಷದಿಂದ ಪೊಲೀಸರ ಆ ಮಾತಿಗೆ ಅವನು ಹೂಂ ಅಂದುಕೊಂಡೇ ಬಂದಿದ್ದ. ಆಕೆ ಬಸ್ಸು ಹತ್ತುವವರೆಗೆ ಕಾದು, ಕಳ್ಳನ ಹಾಗೆ ಮೇಲೆ ಬಂದು, ಕಲ್ಲುಗಳನ್ನು ಚೆಲ್ಲಿ ಇಳಿಯುತ್ತಿದ್ದ. ಆದರೆ ಹೆತ್ತ ತಾಯಿಯೇ ಸತ್ತ ಮಗಳನ್ನು ದೂರುವುದನ್ನು ಕೇಳಿಕೊಂಡು ನಿಲ್ಲುವುದು ಅವನಿಂದಾಗಲಿಲ್ಲ.

“ಗುಡ್ಡೆ ನೋಡಿಯೇ ತಿರುಗಿದ್ಲು ಅಮ್ಮ.”

ಆಕೆ ತಲೆ ಎತ್ತಿದಳು.

“ಇದೇ ಜಾಗದಲ್ಲಿ ಯಾರೋ ಫೋಟೊಗೆ ಅಂತ ಪೇರಿಸಿ ಹೋಗಿದ್ರು. ನಿಮ್ಮ ಮಗಳನ್ನ ಹೊತ್ತು ತರೋವಾಗ ನನ್ನ ಕಣ್ಣಿಗೆ ಬಿತ್ತು. ಆಮೇಲೆ ಒಬ್ಬನೇ ಬಂದು ಕೆಡವಿದೆ. ಯಾರಿಗೂ ಹೇಳಲಿಲ್ಲ.”

“ಯಾಕೆ?”

“ಅವತ್ತು ಬೆಳಿಗ್ಗೆ ಅದನ್ನ ಕೆಡವಬೇಕಾಗಿದ್ದೋನು ನಾನು. ಭಾನುವಾರ. ಕೆಳಗೆ ಕೆರೇಲಿ ನಮ್ಮ ಭಾವ ದೋಣಿ ನಡೆಸ್ತಾರೆ. ಜನ ಮುಗಿಬಿದ್ದಿದ್ದಾರೆ, ಬಂದು ಒಂಚೂರು ಕೈ ಹಾಕು ಅಂದ್ರು. ಬೆಟ್ಟ ಎಲ್ಲಿಗೆ ಓಡಿಹೋಗುತ್ತೆ, ನಾಳೆ ಹತ್ತಿದ್ರಾಯ್ತು ಅಂತ ಅಲ್ಲೇ ಉಳ್ಕೊಂಡೆ. ಮಧ್ಯಾಹ್ನ ಮಂಜು ಇಳೀತು.”

ಆಕೆ ಬಯ್ಯಬಹುದು, ಕೋಲೆತ್ತಿ ಹೊಡೆಯಲೂಬಹುದು ಎಂದು ಅವನು ಕಾದ. ಹೊಡೆದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಆಕೆ ಕಮರಿಯ ಕಡೆ ನೋಡುತ್ತಾ ಬಾಟಲಿಯ ಮುಚ್ಚಳವನ್ನು ತಿರುಗಿಸಿದಳು, ಬಿಚ್ಚಿದಳು, ಮತ್ತೆ ತಿರುಗಿಸಿದಳು.

“ಅಂದ್ರೆ ಅವಳು ದಾರಿ ಬಿಡಲಿಲ್ಲ,” ಎಂದಳು ಕೊನೆಗೆ.

“ಇಲ್ಲಮ್ಮ. ಮೇಲಿನಿಂದ ಇಲ್ಲೀವರೆಗೂ ಒಂದು ಗುರುತೂ ತಪ್ಪಿಸಿರಲಿಲ್ಲ. ಆ ಒಂದು ಗುರುತೇ ಸುಳ್ಳು.”

ಕೆಳಗಿನಿಂದ ಯಾವುದೋ ಗುಂಪು ನಗುತ್ತಾ ಹತ್ತಿ ಬರುವುದು ಕೇಳಿಸಿತು. ಆಕೆ ಎದ್ದು ಬಂದು ಗುಡ್ಡೆಯ ಮುಂದೆ ಮಂಡಿಯೂರಿ, ತುದಿಯ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕಲ್ಲಣ್ಣ ನೆರವಾಗಲು ಬಗ್ಗಿದ.

“ಬೇಡ. ನಾನು ಕಟ್ಟಿದ್ದು.”

ಒಂದೊಂದನ್ನೇ ಇಳಿಸಿ, ಒಂದಕ್ಕೊಂದು ತಾಗದಂತೆ ದೂರ ದೂರ ಇಟ್ಟಳು. ಅಡಿಯ ಚಪ್ಪಟೆ ಕಲ್ಲು ಮಾತ್ರ ಉಳಿದಾಗ ಅದರ ಮೇಲೆ ಅಂಗೈ ಊರಿ ಕೂತಳು.

“ಹತ್ತೋ ಮುಂಚೆ ಫೋನ್ ಮಾಡಿದ್ಲು,” ಎಂದಳು, ಅವನ ಕಡೆ ನೋಡದೆ. “ಮಂಜು ಬಂದ್ರೆ ಸ್ವಂತ ಬುದ್ಧಿ ಓಡಿಸ್ಬೇಡ, ಕಲ್ಲು ಎಲ್ಲಿದೆಯೋ ಆ ಕಡೆಗೇ ನಡಿ ಅಂದಿದ್ದೆ. ಹುಟ್ಟಿದಾಗಿನಿಂದ ನನ್ನ ಒಂದು ಮಾತೂ ಕೇಳಿದೋಳಲ್ಲ.”

ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟಳು.

“ಅವತ್ತು ಕೇಳಿದ್ಲು.”