ಕಾನೂನು ಎಲ್ಲಿದೆ, ತೋರಿಸಿ

ಬೂದು ಬಣ್ಣದ ಕಾರು ಆ ದಿನವೂ ವರ್ಕ್‌ಶಾಪಿನ ಎದುರು ಬಂದು ನಿಂತಿತು. ಈ ಸಲ ಒಳಗಿದ್ದ ಇಬ್ಬರೂ ಇಳಿದರು.

ಗುರುಸಿದ್ದ ಲೇತ್ ನಿಲ್ಲಿಸಿ ಕೈ ಒರೆಸಿಕೊಂಡ. ಕೋಟು ತೊಟ್ಟ ಹೆಂಗಸು ಬ್ಯಾಡ್ಜ್ ತೋರಿಸಿ, ತಾವು ತೆರಿಗೆ ಇಲಾಖೆಯ ಅಪರಾಧ ತನಿಖೆಯವರು ಎಂದಳು. ದನಿ ಮೆಲ್ಲಗಿತ್ತು. ಜೊತೆಗಿದ್ದವನು ಕಿಟಕಿಗಳನ್ನೂ ಹಿಂಬಾಗಿಲನ್ನೂ ನೋಡುತ್ತಿದ್ದ.

ಪದ್ಮನಾಭ ಸರ್ ಕಲಿಸಿದ್ದಂತೆ ಗುರುಸಿದ್ದ ಒಂದೇ ಮಾತು ಕೇಳಿದ. ನಾನು ಆದಾಯ ತೆರಿಗೆ ಕಟ್ಟಬೇಕೆನ್ನುವ ಕಾನೂನು ಎಲ್ಲಿದೆ, ತೋರಿಸಿ.

"ಅದನ್ನು ಕೋರ್ಟು ತೋರಿಸುತ್ತದೆ," ಎಂದಳು ಆಕೆ. "ಒಳ್ಳೆಯ ವಕೀಲರನ್ನು ನೋಡಿಕೊಳ್ಳಿ."

ಗುರುಸಿದ್ದ ಹುಬ್ಬಳ್ಳಿಯವನು. ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿ ಕಾರು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ. ನಕ್ಷೆಯಲ್ಲಿ ಇಲ್ಲದ ತೂತನ್ನು ಕೊರೆಯುವ ಆಸಾಮಿಯಲ್ಲ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಯಾರೋ ಅವನನ್ನು ಪದ್ಮನಾಭರ ಶನಿವಾರದ ತರಗತಿಗೆ ಕರೆದೊಯ್ದರು. ಸೌತ್‌ಫೀಲ್ಡಿನ ಆಫೀಸು ಕಟ್ಟಡವೊಂದರ ಎತ್ತರದ ಮಹಡಿ. ಪದ್ಮನಾಭ ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಕಾನೂನು ಪಾಠ ಹೇಳುತ್ತಿದ್ದವರು. ನರೆತ ಕೂದಲು, ತೂಗಿ ಆಡುವ ಮಾತು. ಇಲ್ಲಿಯ ಪ್ರಜೆ ಆದಾಯ ತೆರಿಗೆ ಕಟ್ಟಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಜನ ಬರೀ ಹೆದರಿ ಕಟ್ಟುತ್ತಾರೆ ಎಂಬುದು ಅವರ ಪಾಠ. ಶುಲ್ಕ ತುಸು ಜಾಸ್ತಿಯೇ ಇತ್ತು. ಆದರೂ ಕುರ್ಚಿಗಳು ಖಾಲಿ ಇರುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಕೆಲವು ವಾರ ತರಗತಿ ಇರುತ್ತಿರಲಿಲ್ಲ. ಸರ್‌ಗೆ ಸ್ವಂತ ಕೆಲಸ.

ನಕ್ಷೆಯಲ್ಲೇ ಇಲ್ಲ ಎಂದ ಮೇಲೆ ಗುರುಸಿದ್ದನಿಗೆ ಇನ್ನೇನು ಬೇಕು? ತೆರಿಗೆ ಕಟ್ಟುವುದನ್ನು ನಿಲ್ಲಿಸಿಬಿಟ್ಟ.

ಅವನ ಗೆಳೆಯ ರಮೇಶ ಒಂದು ಶನಿವಾರ ಎದ್ದು ನಿಂತು ಕೇಳಿದ್ದ, "ಸರ್, ಆಮೇಲೆ ಜೈಲು ಗೀಲು ಅಂತ ಆಗಲ್ವಾ?"

ಪದ್ಮನಾಭ ನಕ್ಕಿದ್ದರು. "ಇಷ್ಟು ವರ್ಷದಿಂದ ಇದನ್ನೇ ಹೇಳ್ತಾ ಇದೀನಿ. ನನ್ನನ್ನ ಯಾರಾದ್ರೂ ಮುಟ್ಟಿದಾರಾ? ಮುಟ್ಟೋಕೆ ಅವರಿಗೆ ಕಾರಣವೇ ಇಲ್ಲ."

ರಮೇಶ ಮತ್ತೆ ಬರಲಿಲ್ಲ. ಕೆಲವು ತಿಂಗಳಲ್ಲೇ ಬೂದು ಕಾರು ಕಾಣಿಸಿಕೊಂಡಿತು. ಇಲಾಖೆಗೆ ಸುಳಿವು ಕೊಟ್ಟವನು ಅವನೇ ಎಂದು ಗುರುಸಿದ್ದ ಲೆಕ್ಕ ಹಾಕಿದ. ರಮೇಶನ ಫೋನ್ ಎತ್ತುವುದನ್ನು ಬಿಟ್ಟ. ಇಂಡಿಯನ್ ಸ್ಟೋರಿನಲ್ಲಿ ಎದುರಾದಾಗ ಮುಖ ತಿರುಗಿಸಿದ.

ಚಳಿಗಾಲದ ಹೊತ್ತಿಗೆ ಆರೋಪಪಟ್ಟಿ ಬಂತು. ಸರ್ಕಾರಿ ವಕೀಲರು ಒಂದು ದಾರಿ ತೋರಿಸಿದರು. ತಪ್ಪೊಪ್ಪಿಕೊಂಡು ಬಾಕಿ ಕಟ್ಟಿದರೆ ಜೈಲು ಕೇಳುವುದಿಲ್ಲ.

"ಒಪ್ಕೊಂಡ್ಬಿಡಿ," ಎಂದಳು ಹೆಂಡತಿ ಲತಾಶ್ರೀ. ಮೈಸೂರಿನವಳು, ಎಂದೂ ದನಿ ಏರಿಸಿದವಳಲ್ಲ. "ಮನೆ ಮಾರೋಣ. ಅಪಾರ್ಟ್‌ಮೆಂಟ್‌ಗೆ ಶಿಫ್ಟ್ ಆಗೋಣ. ನನಗೇನೂ ಬೇಜಾರಿಲ್ಲ."

"ಮಾಡದ ತಪ್ಪು ಹೆಂಗ ಒಪ್ಪಲಿ, ಲತಾ? ಸರ್ ಸುಳ್ಳ ಹೇಳ್ಯಾರ ಅಂತಿಯೇನು?"

"ನಾನು ಹಾಗನ್ನಲಿಲ್ಲ. ನೀವು ಜೈಲಿಗೆ ಹೋದ್ರೆ ನಾನು ಮಕ್ಕಳಿಗೆ ಏನು ಹೇಳ್ಲಿ, ಅದನ್ನ ಹೇಳಿ."

ಗುರುಸಿದ್ದನ ವಕೀಲರಿಗೆ ಉಳಿದಿದ್ದುದು ಒಂದೇ ವಾದ. ಅವನು ಮೋಸ ಮಾಡಲಿಲ್ಲ, ಮನಸಾರೆ ನಂಬಿದ್ದ. ಜ್ಯೂರಿ ಅದನ್ನು ಒಪ್ಪಿದರೆ ಬಿಡುಗಡೆ. ಅದಕ್ಕೆ ಕಲಿಸಿದವರೇ ಬಂದು ಸಾಕ್ಷಿ ಹೇಳಬೇಕು.

ಗುರುಸಿದ್ದ ಹೋಗಿ ಕೇಳಿದಾಗ ಪದ್ಮನಾಭ ಎದ್ದು ಕಿಟಕಿಯಾಚೆ ಹಿಮ ನೋಡುತ್ತ ನಿಂತರು. "ಕೋರ್ಟು ಕರೆದರೆ ಬರಲೇಬೇಕಲ್ಲಪ್ಪ," ಎಂದರು. "ಪ್ರಮಾಣ ಮಾಡಿದ ಮೇಲೆ ನಾನು ಸುಳ್ಳು ಹೇಳಲ್ಲ. ಅಷ್ಟು ಮಾತ್ರ ನೆನಪಿಟ್ಕೊ."

ಗುರುಸಿದ್ದನಿಗೆ ಅಷ್ಟೇ ಸಾಕಿತ್ತು. ಸರ್ಕಾರ ತೋರಿಸಿದ್ದ ದಾರಿಯನ್ನು ಅಂದೇ ನಿರಾಕರಿಸಿದ.

ಡೆಟ್ರಾಯಿಟ್ ಕೋರ್ಟಿನಲ್ಲಿ ಲತಾಶ್ರೀ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ರಮೇಶ. ಗುರುಸಿದ್ದನ ಮೈ ಉರಿಯಿತು. ಆದರೆ ಸರ್ಕಾರದ ಸಾಕ್ಷಿಗಳೆಲ್ಲ ಮುಗಿದರೂ ರಮೇಶನನ್ನು ಯಾರೂ ಕರೆಯಲಿಲ್ಲ. ಅವನು ಲತಾಶ್ರೀಯನ್ನು ಕಾರಿನಲ್ಲಿ ಕರೆತಂದಿದ್ದ, ಅಷ್ಟೆ.

ಪದ್ಮನಾಭ ಪ್ರಮಾಣ ಮಾಡಿ ಕುಳಿತರು. ಹೌದು, ಕಲಿಸಿದ್ದು ತಾವೇ. ಹೌದು, ಈತ ಪ್ರತಿಯೊಂದು ಮಾತನ್ನೂ ನಂಬಿದ. ಜ್ಯೂರಿಯಲ್ಲಿದ್ದ ಒಬ್ಬ ಮುದುಕಿ ತಲೆಯಾಡಿಸಿದಳು. ಗುರುಸಿದ್ದ ಎಷ್ಟೋ ವಾರಗಳ ನಂತರ ನೆಮ್ಮದಿಯಿಂದ ಉಸಿರು ಬಿಟ್ಟ.

ಆಮೇಲೆ ಸರ್ಕಾರಿ ವಕೀಲೆ ಎದ್ದಳು.

"ನೀವೂ ಈ ದೇಶದ ಪ್ರಜೆ. ನಿಮಗೂ ಇಲ್ಲಿ ಆದಾಯವಿದೆ. ಈ ವರ್ಷಗಳಲ್ಲಿ ನೀವು ತೆರಿಗೆ ಕಟ್ಟಿದ್ದೀರಾ?"

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. ಉತ್ತರ ತನ್ನನ್ನೇ ಅಪರಾಧಿಯನ್ನಾಗಿಸುವಂತಿದ್ದರೆ ಸಾಕ್ಷಿ ಸುಮ್ಮನಿರಬಹುದು, ಆದರೆ ಸುಳ್ಳು ಹೇಳಿದರೆ ಜೈಲು ಎಂದು ಎಚ್ಚರಿಸಿದರು.

ಗುರುಸಿದ್ದ ಸರ್ ಮುಖ ನೋಡಿದ. ತನಗಾಗಿ ಬಂದ ಮನುಷ್ಯ ತನ್ನ ಕಣ್ಣೆದುರೇ ಸಿಕ್ಕಿಬೀಳುತ್ತಿದ್ದಾರೆ. ಬ್ಯಾಡ್ರಿ ಸರ್, ಸುಮ್ಮನಿರ್ರಿ ಎಂದು ಕೂಗಬೇಕೆನಿಸಿತು. ಅರ್ಧ ಎದ್ದವನನ್ನು ಅವನ ವಕೀಲರು ತೋಳು ಹಿಡಿದು ಕೂರಿಸಿದರು.

ಪದ್ಮನಾಭ ಅವನ ಕಡೆ ನೋಡಲಿಲ್ಲ. ನೀರು ಕುಡಿದು ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

"ಕಟ್ಟಿದ್ದೇನೆ," ಎಂದರು. "ಪ್ರತಿ ವರ್ಷ, ಏಪ್ರಿಲ್ ಗಡುವಿನೊಳಗೆ."