ಒಂದರ ಮೇಲೊಂದು

"ನಾಳೆ ಕಾರ್ಯಕ್ರಮದಲ್ಲಿ, ಹಾಡಿನ ಆ ಜಾಗ ಬಂದಾಗ ನೀನು ಬರೀ ಬಾಯಿ ಆಡಿಸು ಅಕ್ಕ, ದನಿ ಬೇಡ," ಎಂದ ಅಪ್ಪ. ತಾಲೀಮು ಮುಗಿಸಿ ಗಾಯನ ತಂಡದವರೆಲ್ಲ ಹೊರಟುಹೋಗಿದ್ದರು.

"ಮೀನಿನ ಥರಾನಾ?" ಸೋದರತ್ತೆ ಚೀಲ ಹೆಗಲಿಗೇರಿಸಿದಳು. "ಅದಕ್ಕಿಂತ ಮನೇಲೇ ಇರ್ತೀನಿ ಬಿಡೋ."

"ಎಲ್ಲರದ್ದೂ ಒಂದು ದಾರಿ, ನಿಂದೇ ಒಂದು ದಾರಿ. ಅಲ್ಲಿಗೆ ಬಂದ್ರೆ ಸಾಕು, ಅರ್ಧ ಸ್ವರ ಕೆಳಗೆ ಹೋಗ್ತೀಯ. ಊಟದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ."

ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಮಗಳು ತಲೆಯೆತ್ತದೆ ಕೆಲಸ ಮಾಡುತ್ತಿದ್ದಳು. ಅಪ್ಪ ಹೇಳಿದ್ದು ಸರಿಯೆಂದೇ ಅವಳಿಗೂ ಅನಿಸಿತ್ತು. ತಂಡದ ಸ್ವರಲಿಪಿಯನ್ನು ಅಚ್ಚಿಗೆ ಸಿದ್ಧಮಾಡುವುದು ಅವಳ ಕೆಲಸ. ಪ್ರಕಾಶಕರು ಕಳಿಸಿದ ಪ್ರತಿಯಲ್ಲಿ ಅತ್ತೆ ತಪ್ಪುವ ಜಾಗದಲ್ಲಿ ಎಲ್ಲರೂ ಒಟ್ಟಿಗೆ ಹಾಡುವ ಸ್ವರಗೊಂಚಲು ಇರುವೆ ಮುತ್ತಿದ ಹಾಗೆ ಕಪ್ಪಾಗಿತ್ತು. ಒತ್ತೊತ್ತಾಗಿ ಸ್ವರಗಳು, ಎಡಕ್ಕೆ ಒಂದರ ಮೈಮೇಲೊಂದು ಬಿದ್ದ ಚಿಹ್ನೆಗಳು. ಅಪ್ಪನ ಕಣ್ಣಿಗೆ ಸುಲಭವಾಗಲೆಂದು ಅವಳು ಒಂದೊಂದನ್ನೇ ಎಳೆದು ಬಿಡಿಸುತ್ತಿದ್ದಳು. ಸ್ವರವನ್ನು ಏರಿಸುವ ಶಾರ್ಪ್ ಚಿಹ್ನೆಯನ್ನು ಎಡಕ್ಕೆ ಸರಿಸಿದಳು. ಆ ಸ್ವರದ ಕಪ್ಪು ಬೊಟ್ಟನ್ನು ಬಲಕ್ಕೆ ಎಳೆದಳು.

ಬೊಟ್ಟು ಸರಿಯಿತು. ಬೊಟ್ಟು ಅಲ್ಲೇ ಇತ್ತು.

ಕಣ್ಣುಜ್ಜಿಕೊಂಡು ತೆರೆಯ ಮೇಲಿನ ಪುಟವನ್ನು ಹಿಗ್ಗಿಸಿದಳು. ಅದೇ ಗೆರೆಯ ಮೇಲೆ, ಮೊದಲನೆಯದರ ಅಡಿಯಲ್ಲಿ, ಶಾರ್ಪ್ ಇಲ್ಲದ ಇನ್ನೊಂದು ಸ್ವರ. ಅತ್ತೆ ನಿಲ್ಲುವ ಎರಡನೇ ಸಾಲಿನವರು ಹಾಡಬೇಕಾದದ್ದು. ಅರ್ಧ ಸ್ವರ ಕೆಳಗೆ.

"ಅಪ್ಪ, ಇಲ್ಲಿ ಬಾ."

"ತಡಿಯೇ, ಇವಳು ಹೊರಟಳು..."

"ಅತ್ತೇನೂ ನಿಲ್ಲಿಸಿ ಬಾ."

ಅಪ್ಪ ಬಗ್ಗಿ ನೋಡಿದ. ಸೀದಾ ಹೋಗಿ ಪಿಯಾನೊ ಮುಂದೆ ಕೂತ. ಗೊಂಚಲನ್ನು ಎಂದಿನಂತೆ ಒಮ್ಮೆ ನುಡಿಸಿದ. ಆಮೇಲೆ ಇನ್ನೊಂದು ಬೆರಳನ್ನು ಪಕ್ಕದ ಕೀ ಮೇಲೂ ಇಟ್ಟು ಒತ್ತಿದ.

ಸದ್ದು ಎದ್ದು ನಿಂತಿತು. ಎರಡು ಸ್ವರಗಳು ಒಂದನ್ನೊಂದು ತಳ್ಳಿದವು, ಬಿಡಲಿಲ್ಲ; ನಡುವೆ ಏನೋ ಪಟಪಟನೆ ರೆಕ್ಕೆ ಬಡಿಯತೊಡಗಿತು. ಕಿಟಕಿಯ ಗಾಜು ಸಣ್ಣಗೆ ಗುನುಗಿತು. ಮಗಳ ತೋಳಿನ ಮೇಲೆ ರೋಮ ನಿಂತಿತು. ಬಾಗಿಲ ಬಳಿ ಅತ್ತೆ, ಚೀಲ ಹೆಗಲಲ್ಲಿದ್ದ ಹಾಗೇ, ಕಣ್ಣುಮುಚ್ಚಿ ಆ ಕೆಳಗಿನ ಸ್ವರವನ್ನೇ ದನಿಯಲ್ಲಿ ಹಿಡಿದಿದ್ದಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಸದ್ದು ತಾನಾಗಿ ಆರುವವರೆಗೂ ಅಪ್ಪ ಕೈ ತೆಗೆಯಲಿಲ್ಲ.

"ಇದು ನಮಗ್ಯಾರಿಗೂ ಕಂಡಿರಲಿಲ್ಲ ಅಕ್ಕ. ನಿಂಗೆ ಸ್ವರಲಿಪಿ ಓದೋಕೇ ಬರಲ್ಲ," ಅವನ ದನಿ ಇಳಿದಿತ್ತು. "ಹೇಗೆ ಗೊತ್ತಾಯ್ತು?"

"ಗೊತ್ತಾಗೋಕೆ ಏನಿದೆಯೋ? ನೀವೆಲ್ಲ ಒಂದೇ ಕಡೆ ನೂಕಾಡ್ತಾ ನಿಂತಿದ್ರಿ. ಪಕ್ಕದಲ್ಲಿ ಜಾಗ ಖಾಲಿ ಇತ್ತು. ಹೋಗಿ ನಿಂತ್ಕೊಂಡೆ."