ಗಾಳಿಗುಳ್ಳೆ

"ಇದು ಜೀವಕೋಶ ಅಲ್ಲಮ್ಮ, ಗಾಳಿಗುಳ್ಳೆ!" ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿ ಪ್ರೊಫೆಸರ್ ಬಾಸಿಲಿಯೊ ನಕ್ಕರು. ವಿಲ್ಮಾಳ ಹಾಳೆಯಲ್ಲಿ ಕಪ್ಪು ಅಂಚಿನ ದೊಡ್ಡ ದುಂಡು ಇತ್ತು. "ಈರುಳ್ಳಿ ಪೊರೆ ಹಾಸೋವಾಗ ಗಾಳಿ ಸಿಕ್ಕಿಕೊಂಡಿದೆ. ನಾಳೆ ಬಯಾಲಜಿ ಟೀಚರ್ ಆಗೋಳು! ಯಾರು ಕಲಿಸಿದ್ದು ಇದನ್ನ?"

"ನಮ್ಮೂರ ಟೀಚರು ಸಾರ್. ಅವರು ಹೇಳಿದ್ದು ತಪ್ಪಿರಲ್ಲ, ನೀವೇ ಇನ್ನೊಂದ್ಸಲ ನೋಡಿ."

ಪಕ್ಕದಲ್ಲೇ ಇದ್ದ ಆ ಟೀಚರು, ನಿಕಾನೋರಾ, ತನ್ನ ಹಾಳೆಯ ಮೇಲೆ ಇನ್ನಷ್ಟು ಬಗ್ಗಿದಳು. ಪೊಟೊಸಿಯ ಬೆಟ್ಟದೂರಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿ, ಡಿಗ್ರಿ ಇಲ್ಲದೆ ಕೆಲಸ ಉಳಿಯದೆಂದು ಶಿಷ್ಯೆ ವಿಲ್ಮಾಳ ಜೊತೆಗೇ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದವಳು.

ಪ್ರೊಫೆಸರು ಅವಳತ್ತ ಕೈಚಾಚಿದರು. "ಟೀಚರಮ್ಮ, ನಿಮ್ಮದು ಕೊಡಿ. ಜೀವಕೋಶ ಹೇಗಿರುತ್ತೆ ಅಂತ ಇವಳು ನೋಡ್ಲಿ."

ಅವಳ ಹಾಳೆಯಲ್ಲೂ ಅದೇ ದುಂಡು. ನಟ್ಟನಡುವೆ ಬಾಣ ಹಾಕಿ, ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: ಕೋಶಕೇಂದ್ರ.